ಅಪ್ಪನಿಗೊಂದು ಕೇರ್ ಹೋಮ್ ಹುಡುಕಿದ್ದು

"ಕಳೆದ ಮೂರು ತಿಂಗಳಲ್ಲಿ ನಿಮ್ಮಲ್ಲಿ ಯಾರಾದರೂ ಬಿದ್ದಿದ್ದಾರಾ?"

ಮೈಸೂರಿನಲ್ಲಿ ನಾನು ನೋಡಿದ ಪ್ರತಿ ಕೇರ್ ಹೋಮ್‌ನಲ್ಲೂ ಈ ಪ್ರಶ್ನೆ ಕೇಳಿದೆ. ಜಾಸ್ತಿ ಕಡೆ ಸಿಕ್ಕಿದ ಉತ್ತರ ಒಂದೇ. "ಇಲ್ಲ ಮೇಡಂ, ನಮ್ಮಲ್ಲಿ ಆ ಥರ ಆಗೋದೇ ಇಲ್ಲ." ಹೇಳುವಾಗ ಮುಖದಲ್ಲಿ ಹೆಮ್ಮೆ ಬೇರೆ. ಸ್ವಲ್ಪ ಯೋಚನೆ ಮಾಡಿ. ಎಪ್ಪತ್ತೈದು, ಎಂಬತ್ತು ದಾಟಿದ, ಮರೆವಿನ ಕಾಯಿಲೆ ಇರುವ ಹತ್ತು ಹದಿನೈದು ಜನ ಒಂದೇ ಕಟ್ಟಡದಲ್ಲಿ ಓಡಾಡಿಕೊಂಡಿದ್ದರೆ ಒಬ್ಬರೂ ಬೀಳದೆ ಇರುತ್ತಾರಾ? ಮನೆಯಲ್ಲಿ ನಾವೆಲ್ಲ ಕಣ್ಣಲ್ಲಿ ಕಣ್ಣಿಟ್ಟು ಕಾಯುವಾಗಲೇ ಅಪ್ಪ ಬಚ್ಚಲ ಬಾಗಿಲಲ್ಲಿ ಬಿದ್ದಿದ್ದರು. ಯಾರೂ ಬಿದ್ದಿಲ್ಲ ಅಂದರೆ ಒಂದೋ ಬಿದ್ದದ್ದನ್ನು ಬರೆದಿಟ್ಟಿಲ್ಲ, ಇಲ್ಲವೋ ಎದ್ದು ಓಡಾಡಲು ಬಿಡುತ್ತಿಲ್ಲ. ಎರಡನ್ನೂ ಕಣ್ಣಾರೆ ನೋಡಿದ ಮೇಲೇ ಈ ಮಾತು ಹೇಳುತ್ತಿದ್ದೇನೆ.

ಅಪ್ಪನಿಗೆ 82 ವರ್ಷ. ಮಂಡ್ಯದ ಮೈಶುಗರ್ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಗುವ ವೇಬ್ರಿಡ್ಜ್‌ನಲ್ಲಿ ಗುಮಾಸ್ತರಾಗಿದ್ದರು. ಮರೆವು ಶುರುವಾದಾಗ ನಮ್ಮ ಚಿಕ್ಕಪ್ಪ, "ವಯಸ್ಸಾದ ಮೇಲೆ ಅರಳು ಮರಳು ಇದ್ದದ್ದೇ ಕಣಮ್ಮ, ಅದಕ್ಕೂ ಡಾಕ್ಟ್ರ?" ಅಂದರು. ಸುಮ್ಮನಿರಲಿಲ್ಲ, ಮೈಸೂರಿಗೆ ಕರೆತಂದು ನರರೋಗ ತಜ್ಞರಿಗೆ ತೋರಿಸಿದೆವು. ಇವತ್ತು ಯಾವ ವಾರ, ನೂರರಿಂದ ಏಳೇಳು ಕಳೀತಾ ಹೋಗಿ, ಆಗಲೇ ಹೇಳಿದ ಮೂರು ಪದ ಮತ್ತೆ ಹೇಳಿ. 30 ಅಂಕದ ಆ ಪರೀಕ್ಷೆಯಲ್ಲಿ ಅಪ್ಪನಿಗೆ 14 ಬಂತು. ಬಿ12 ಕಡಿಮೆಯಾದರೂ, ಥೈರಾಯ್ಡ್ ಹೆಚ್ಚುಕಮ್ಮಿ ಆದರೂ ಹೀಗೇ ಮರೆವು ಬರಬಹುದಂತೆ. ಅದನ್ನೆಲ್ಲ ನೋಡಿ, ತಲೆಯ ಸ್ಕ್ಯಾನ್ ಮಾಡಿಸಿ, ಕೊನೆಗೆ ಆಲ್‌ಝೈಮರ್ಸ್ ಅಂದರು. ಡೊನೆಪೆಜಿಲ್ ಮಾತ್ರೆ ಶುರುವಾಯಿತು. ಇದು ವಾಸಿ ಮಾಡುವ ಮಾತ್ರೆಯಲ್ಲ, ಸ್ವಲ್ಪ ದಿನ ತಡೆದು ನಿಲ್ಲಿಸಬಹುದು ಅಷ್ಟೇ ಅಂತ ಡಾಕ್ಟರ್ ಮುಚ್ಚುಮರೆಯಿಲ್ಲದೆ ಹೇಳಿದರು.

ಕುವೆಂಪುನಗರದ ನಮ್ಮ ಮನೆಯಲ್ಲೇ ಇಟ್ಟುಕೊಂಡೆವು. ಹಗಲು ಹೇಗೋ ಕಳೆಯುತ್ತಿತ್ತು. ರಾತ್ರಿ ಎರಡು ಗಂಟೆಗೆ ಎದ್ದು, "ಗಾಡಿ ಸಾಲಾಗಿ ನಿಂತವೆ, ಬಾಗ್ಲು ತಗಿ" ಅನ್ನುತ್ತಿದ್ದರು. ಒಂದು ರಾತ್ರಿ ತಾವೇ ತೆಗೆದುಕೊಂಡು ಹೊರಟೂಬಿಟ್ಟರು. ಬೀಟ್ ಪೊಲೀಸರು ಕರೆತಂದು ಬಿಟ್ಟರು. ಅವ್ವನ ಮಂಡಿ ಆಗಲೇ ಸೋತಿತ್ತು, ನಾನು ಕೆಲಸಕ್ಕೆ ಹೋಗಬೇಕು, ತಮ್ಮ ಬೆಂಗಳೂರಿನಲ್ಲಿ. ಇನ್ನು ಆಗುವುದಿಲ್ಲ ಅಂತ ಮೊದಲು ಹೇಳಿದ್ದು ಅವ್ವನೇ. ಊರವರು ಏನಂದರು ಅನ್ನೋದು ಬೇಡ ಬಿಡಿ, ಅಂದವರು ಯಾರೂ ಒಂದು ರಾತ್ರಿ ಬಂದು ಕಾಯಲಿಲ್ಲ.

ದೇಶದಲ್ಲಿ 60 ದಾಟಿದವರ ಪೈಕಿ ನೂರಕ್ಕೆ 7.4 ಜನರಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ (ಆಲ್‌ಝೈಮರ್ಸ್ ಥರದ ಮರೆವಿನ ಕಾಯಿಲೆ) ಇದೆ ಅಂತ 2023ರಲ್ಲಿ ಬಂದ ಒಂದು ಅಧ್ಯಯನದ ಅಂದಾಜು. ಅಷ್ಟೊಂದು ಜನ ಇದ್ದರೂ ಇಂಥವರಿಗೆ ಅಂತ ಜಾಗ ಹುಡುಕಿಕೊಂಡು ಹೊರಟರೆ ಚಪ್ಪಲಿ ಸವೆಯುತ್ತದೆ. ವೃದ್ಧಾಶ್ರಮದವರು ಫೋನಿನಲ್ಲೇ, "ತಮ್ಮ ಕೆಲಸ ತಾವೇ ಮಾಡ್ಕೊಳ್ಳೋ ಹಾಗಿರಬೇಕು" ಅಂದುಬಿಡುತ್ತಾರೆ. ಉಳಿಯುವುದು ಡಿಮೆನ್ಷಿಯಾ ಕೇರ್ ಅಂತ ಬೋರ್ಡ್ ಹಾಕಿಕೊಂಡವರು. ಅವರಲ್ಲೂ ಕೆಲವರದ್ದು ಬಾಡಿಗೆ ಮನೆ. ನೋಂದಣಿ ಕೇಳಿದರೆ "ನಮ್ಮದು ಬರೀ ವೃದ್ಧಾಶ್ರಮ ಮೇಡಂ" ಅಂತಾರೆ. ಮೂತ್ರದ ಪೈಪು, ಇಂಜೆಕ್ಷನ್ ಯಾರು ನೋಡ್ಕೋತಾರೆ ಅಂದರೆ "ಸಿಸ್ಟರ್ ಇದ್ದಾರಲ್ಲ" ಅಂತಾರೆ. ಖಾಸಗಿ ನರ್ಸಿಂಗ್ ಹೋಮ್ ಅಂದ ಮೇಲೆ 2007ರ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆಯಡಿ ನೋಂದಣಿ ಮಾಡಿಸಲೇಬೇಕು. ಆ ಸರ್ಟಿಫಿಕೇಟ್ ಗೋಡೆ ಮೇಲೆ ಇಲ್ಲದ ಕಡೆ ನಾನು ಹೆಚ್ಚು ಹೊತ್ತು ಕೂರಲಿಲ್ಲ. ಇದ್ದ ಮಾತ್ರಕ್ಕೆ ಒಳ್ಳೆಯ ಜಾಗ ಅಂತಲೂ ಅಲ್ಲ.

ಮೊದಲು ನೋಡಿದ್ದು ನೋಡಲು ತುಂಬಾ ಚೆನ್ನಾಗಿತ್ತು. ರಿಸೆಪ್ಷನ್, ಅಕ್ವೇರಿಯಂ, ಮುಖ ಕಾಣುವಂಥ ಗ್ರಾನೈಟ್ ನೆಲ. ಅಪ್ಪನನ್ನೂ ಕರೆದುಕೊಂಡು ಹೋಗಿದ್ದೆ. ಅಪ್ಪ ಬಾಗಿಲಲ್ಲೇ ನಿಂತರು. ನೆಲ ನೋಡಿದರು. ಆಮೇಲೆ ಪಂಚೆಯನ್ನು ಮಂಡಿವರೆಗೆ ಎತ್ತಿ ಹಿಡಿದು, ನಾಲೆ ದಾಟುವವರಂತೆ ಒಂದೊಂದೇ ಹೆಜ್ಜೆ ಇಟ್ಟರು. ಅವರಿಗೆ ಅದು ನೀರು. ಈ ಕಾಯಿಲೆಯಲ್ಲಿ ಹೊಳೆಯುವ ನೆಲ ನೀರಿನ ಹಾಗೆ, ಕಪ್ಪು ಕಾಲೊರಸು ಗುಂಡಿಯ ಹಾಗೆ ಕಾಣಬಹುದು ಅಂತ ಡಾಕ್ಟರ್ ಹೇಳಿದ್ದರು. ಬರೀ ಈ ಕಾಯಿಲೆಯವರಿಗಾಗಿಯೇ ಕಟ್ಟಿದ್ದೇವೆ ಅನ್ನುವ ಮ್ಯಾನೇಜರಿಗೆ ಅದು ಗೊತ್ತಿರಲಿಲ್ಲ. "ಏನ್ ಮೇಡಂ, ಅಂಕಲ್ ಹೀಗ್ ನಡೀತಾರೆ?" ಅಂತ ನಕ್ಕ. ಆ ನೆಲವನ್ನು ಆರಿಸಿದ್ದು ಫೀಸು ಕಟ್ಟುವ ಮಕ್ಕಳ ಕಣ್ಣಿಗೆ ಚೆನ್ನಾಗಿ ಕಾಣಲಿ ಅಂತ ಇರಬೇಕು.

ಇನ್ನೊಂದು ಕಡೆ ಹೇಳದೆ ಕೇಳದೆ ಸಂಜೆ ಐದೂವರೆಗೆ ಹೋದೆ. ಇಂಥವರಿಗೆ ಸಂಜೆ ಹೊತ್ತೇ ಕಷ್ಟ. ಕತ್ತಲಾಗುತ್ತಾ ಬಂದ ಹಾಗೆ ಗಾಬರಿ, ಅಳು, "ಮನೆಗೆ ಹೋಗ್ಬೇಕು" ಅನ್ನುವ ಹಟ ಎಲ್ಲ ಜಾಸ್ತಿಯಾಗುತ್ತದೆ. ಬೆಳಿಗ್ಗೆ ಹನ್ನೊಂದಕ್ಕೆ ಹೋದರೆ ಎಲ್ಲ ಕೇರ್ ಹೋಮ್‌ಗಳೂ ಚೆನ್ನಾಗಿಯೇ ಕಾಣುತ್ತವೆ. ಸ್ನಾನ ಆಗಿರುತ್ತದೆ, ಬಟ್ಟೆ ಮಡಿ ಇರುತ್ತದೆ, ಮ್ಯಾನೇಜರ್ ಇರುತ್ತಾರೆ. ಸಂಜೆ ನಾನು ಕಂಡಿದ್ದೇನು? ಟಿವಿಯಲ್ಲಿ ಧಾರಾವಾಹಿ ಜೋರಾಗಿ ಕಿರುಚುತ್ತಿತ್ತು. ಅದರ ಮುಂದೆ ಸಾಲಾಗಿ ಪ್ಲಾಸ್ಟಿಕ್ ಕುರ್ಚಿ. ಒಬ್ಬ ತಾತನ ಹೊಟ್ಟೆಯ ಸುತ್ತ ಹಸಿರು ವೇಲ್ ಸುತ್ತಿ ಕುರ್ಚಿಯ ಬೆನ್ನಿಗೆ ಗಂಟು ಹಾಕಿದ್ದರು. ತಾತ ಏಳಲು ನೋಡಿದಾಗೆಲ್ಲ ಕುರ್ಚಿ ಅರ್ಧ ಇಂಚು ಮೇಲೆದ್ದು ಟಪ್ ಅಂತ ಕೂರುತ್ತಿತ್ತು. ಆಯಾಳನ್ನು ಕೇಳಿದೆ. "ಬೀಳಬಾರ್ದು ಅಂತ ಅಕ್ಕ, ಸೇಫ್ಟಿಗೆ" ಅಂದಳು. ಪಾಪ, ಅವಳನ್ನು ಬೈದು ಏನು ಪ್ರಯೋಜನ. 18 ಜನಕ್ಕೆ ಆ ಹೊತ್ತಿನಲ್ಲಿ ಅವಳು ಮತ್ತು ಅಡುಗೆಯವರು, ಇಬ್ಬರೇ. ಬಿದ್ದವರು ಯಾರೂ ಇಲ್ಲ ಅನ್ನುವ ಹೆಮ್ಮೆಯ ಗುಟ್ಟು ಆ ಗಂಟಿನಲ್ಲಿತ್ತು.

ಆಮೇಲೆ ನನ್ನ ಪ್ರಶ್ನೆಗಳು ಬದಲಾದವು. "ಎಷ್ಟು ಸ್ಟಾಫ್ ಇದ್ದಾರೆ?" ಅಂದರೆ ಅಡುಗೆಯವರು, ಡ್ರೈವರು, ವಾಚ್‌ಮನ್ ಎಲ್ಲ ಸೇರಿಸಿ ದೊಡ್ಡ ಲೆಕ್ಕ ಕೊಡುತ್ತಾರೆ. "ರಾತ್ರಿ ಒಂದು ಗಂಟೆಗೆ ಮೈಮುಟ್ಟಿ ನೋಡಿಕೊಳ್ಳೋರು ಎಷ್ಟು ಜನ ಎಚ್ಚರ ಇರ್ತಾರೆ?" ಅಂತ ಕೇಳಬೇಕು. ಆಯಾಗಳು ಎಷ್ಟು ದಿನದಿಂದ ಇದ್ದಾರೆ ಅಂತ ಅವರನ್ನೇ ಕೇಳಬೇಕು, ಮ್ಯಾನೇಜರನ್ನಲ್ಲ. ಒಂದು ಕಡೆ ಎಲ್ಲರೂ ಹೊಸಬರೇ. ಮುಖ ಗುರುತು ಹಿಡಿಯುವುದೇ ಕಷ್ಟವಾದವರಿಗೆ ಪ್ರತಿ ತಿಂಗಳೂ ಹೊಸ ಮುಖ ಬಂದು ಪಂಚೆ ಬಿಚ್ಚಿದರೆ ಅವರು ಹೊಡೆಯದೆ ಇನ್ನೇನು ಮಾಡುತ್ತಾರೆ? ಮತ್ತೆ ಅದಕ್ಕೆ "ಪೇಷೆಂಟ್ ವಯಲೆಂಟ್" ಅಂತ ಹೆಸರು.

ಇನ್ನೊಂದು ಪ್ರಶ್ನೆ ಎಲ್ಲಕ್ಕಿಂತ ಕೆಲಸಕ್ಕೆ ಬಂತು. "ನಿನ್ನೆವರೆಗೆ ಸುಮ್ನಿದ್ದೋರು ಇವತ್ತು ಇದ್ದಕ್ಕಿದ್ದಂತೆ ಗಲಾಟೆ ಶುರು ಮಾಡಿದ್ರೆ ಏನ್ ಮಾಡ್ತೀರಿ?" ಒಂದೆರಡು ಕಡೆ, "ಡಾಕ್ಟರ್ ಬರೆದುಕೊಟ್ಟ ಮಾತ್ರೆ ಇರುತ್ತೆ ಮೇಡಂ, ಕೊಟ್ರೆ ಮಲಗ್ತಾರೆ" ಅಂದರು. ಇದು ಸರಿಯಾದ ಉತ್ತರ ಅಲ್ಲ. ಮರೆವಿನ ಕಾಯಿಲೆ ಒಂದೇ ದಿನದಲ್ಲಿ ಹಾಗೆ ಏರುವುದಿಲ್ಲ. ಹಠಾತ್ತಾಗಿ ತಲೆ ಕೆಟ್ಟವರಂತೆ ಆಡಿದರೆ ಮೊದಲು ಮೂತ್ರದ ಸೋಂಕು, ಮಲಬದ್ಧತೆ, ಜ್ವರ, ಎಲ್ಲಾದರೂ ನೋವು, ಹೊಸದಾಗಿ ಶುರುವಾದ ಮಾತ್ರೆ, ಇಷ್ಟನ್ನೂ ನೋಡಬೇಕು. ಮಲಗಿಸುವ ಮಾತ್ರೆ ಅಂತ ಅವರು ಹೇಳುವುದು ಸಾಮಾನ್ಯವಾಗಿ ಮಾನಸಿಕ ಕಾಯಿಲೆಗೆ ಕೊಡುವ ಕ್ವೆಟಿಯಾಪಿನ್, ರಿಸ್ಪೆರಿಡೋನ್ ಥರದ್ದು. ಡಿಮೆನ್ಷಿಯಾ ಇರುವ ವಯಸ್ಸಾದವರಲ್ಲಿ ಇವುಗಳಿಂದ ಸಾವಿನ ಅಪಾಯ ಹೆಚ್ಚುತ್ತದೆ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲೇ ಎಚ್ಚರಿಕೆ ಹಾಕಿಸಿದೆ. ಬೇಡವೇ ಬೇಡ ಅಂತಲ್ಲ. ನಮ್ಮ ಡಾಕ್ಟರೂ ಅಪ್ಪನಿಗೆ ಸ್ವಲ್ಪ ದಿನ ಕಡಿಮೆ ಡೋಸಿನಲ್ಲಿ ಕೊಟ್ಟು ನಿಲ್ಲಿಸಿದ್ದರು. ಯಾಕೆ ಕೊಟ್ಟಿದ್ದು, ಯಾವಾಗ ನಿಲ್ಲಿಸೋದು ಅನ್ನುವುದು ಬರೆದಿರಬೇಕು, ಅಷ್ಟೇ. ಹನ್ನೊಂದು ಗಂಟೆ ಬೆಳಿಗ್ಗೆಯಲ್ಲಿ ಹಾಲ್ ತುಂಬಾ ಜನ ತೂಕಡಿಸುತ್ತಿದ್ದರೆ ನನಗೆ ಈಗ ಅನುಮಾನ ಬರುತ್ತದೆ.

ಇನ್ನು ಪುಸ್ತಕಗಳು. ಪುಸ್ತಕ ನೋಡುವ ಬುದ್ಧಿ ನನಗೆ ಬಂದಿದ್ದು ಅಪ್ಪನಿಂದಲೇ. ಗಾಡಿ ಬಂದ ಹಾಗೆ ಬರೆದ ಪುಟ ಬೇರೆ, ಸಂಜೆ ಕೂತು ಒಟ್ಟಿಗೆ ತುಂಬಿಸಿದ ಪುಟ ಬೇರೆ, ನೋಡಿದ ತಕ್ಷಣ ಗೊತ್ತಾಗುತ್ತೆ ಅನ್ನುತ್ತಿದ್ದರು. ಬಂದ ಹಾಗೆ ಬರೆದದ್ದರಲ್ಲಿ ಪೆನ್ನು ಬದಲಾಗಿರುತ್ತದೆ, ಅಕ್ಷರ ಒಮ್ಮೆ ನೆಟ್ಟಗೆ ಒಮ್ಮೆ ಸೊಟ್ಟಗೆ, ಎಲ್ಲೋ ಒಂದು ಕಡೆ ಹೊಡೆದುಹಾಕಿ ಮೇಲೆ ಬರೆದಿರುತ್ತದೆ.

ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನು, ಸೊಂಟ, ಹಿಮ್ಮಡಿಯಲ್ಲಿ ಹುಣ್ಣಾಗುತ್ತದೆ. ಅದಕ್ಕೆ ಒಂದು ಚಾರ್ಟ್ ಇರುತ್ತದೆ. ಒಂದು ಕಡೆ ಕೇಳಿದೆ, ಸಂತೋಷವಾಗಿ ತೋರಿಸಿದರು. ಎಡ, ಬಲ, ಎಡ, ಬಲ. ಒಂದೇ ನೀಲಿ ಪೆನ್ನು. ರಾತ್ರಿ ಎರಡಕ್ಕೂ ಹಗಲು ಹತ್ತಕ್ಕೂ ಒಂದೇ ಸಹಿ. ಒಂದು ಗೀಟೂ ತಪ್ಪಿಲ್ಲ. ನಾನು ಅದನ್ನು ನೋಡುತ್ತಿದ್ದಾಗ ಮಧ್ಯಾಹ್ನ ಮೂರು ಗಂಟೆ. ಅವತ್ತಿನ ದಿನಾಂಕದ ಸಾಲಿನಲ್ಲಿ ನಾಲ್ಕು ಗಂಟೆಗೂ ಆರು ಗಂಟೆಗೂ ಸಹಿ ಬಿದ್ದಾಗಿತ್ತು! ಅಲ್ಲಿಂದ ಕಾಫಿ ಕೂಡ ಕುಡಿಯದೆ ಎದ್ದುಬಂದೆ.

ಬೋಗಾದಿ ಕಡೆಯ ಒಂದು ಜಾಗ ನೋಡಲು ಅಂಥದ್ದೇನೂ ಇರಲಿಲ್ಲ. ಹಳೆಯ ಮನೆ, ಕೆಂಪು ಗಾರೆ ನೆಲ, ಗೋಡೆಯಲ್ಲಿ ಅಲ್ಲಲ್ಲಿ ಬಣ್ಣ ಎದ್ದಿತ್ತು. ಬಚ್ಚಲ ಬಾಗಿಲಿಗೆ ಮಾತ್ರ ಬೇರೆ ಯಾವ ಬಾಗಿಲಿಗೂ ಇಲ್ಲದ ಹಳದಿ ಬಣ್ಣ, ದೂರದಿಂದಲೇ ಕಾಣಲಿ ಅಂತ. ಮಂಚಗಳೆಲ್ಲ ಗಿಡ್ಡ. ಯಾರಾದರೂ ಬಿದ್ದಿದ್ದಾರಾ ಅಂತ ನನ್ನ ಪ್ರಶ್ನೆ ಕೇಳಿದೆ. ಮೇಲ್ವಿಚಾರಣೆಯ ಸಿಸ್ಟರ್ ಕನ್ನಡಕ ಏರಿಸಿಕೊಂಡು, "ಬೀಳ್ದೆ ಇರ್ತಾರಾ ಮೇಡಂ?" ಅಂತ ನನ್ನನ್ನೇ ಕೇಳಿ ಒಂದು ಉದ್ದ ನೋಟ್‌ಬುಕ್ ತೆಗೆದರು. ಹೆಸರಿನ ಮೇಲೆ ಅಂಗೈ ಮುಚ್ಚಿಕೊಂಡೇ ಒಂದು ಸಾಲು ತೋರಿಸಿದರು. ರಾತ್ರಿ 1.40, ಬಾತ್ರೂಮಿಗೆ ಏಳುವಾಗ ಮಂಚದ ಪಕ್ಕ ಬಿದ್ದರು. ಗಾಯಾ ಇಲ್ಲ. 1.55ಕ್ಕೆ ಮಗಳಿಗೆ ಫೋನ್ ಮಾಡಿದೆ. ಕೆಳಗೆ ಬೇರೆ ಕೈಬರಹ, ಬೇರೆ ಶಾಯಿ: ಮಂಚ ಗೋಡೆ ಕಡೆ ಸರಿಸಿದೆ, ರಾತ್ರಿ ದೀಪ ಹಾಕಿದೆ, ಮಲಗೋ ಮುಂಚೆ ಬಾತ್ರೂಮಿಗೆ ಕರ್ಕೊಂಡ್ ಹೋಗಬೇಕು.

ಆ "ಗಾಯಾ"ದ ದೀರ್ಘ ನೋಡಿ ನನಗೆ ಎಷ್ಟು ಸಮಾಧಾನವಾಯಿತು ಅಂದರೆ ಹೇಳಲಾರೆ.

ಆಮೇಲೆ ನಾನು ಕೇಳುವುದು ನಿಂತು ಅವರು ಕೇಳಲು ಶುರು ಮಾಡಿದರು. ಅಪ್ಪ ಯಾವ ಕೆಲಸದಲ್ಲಿದ್ದರು, ಎಷ್ಟು ಗಂಟೆಗೆ ಏಳೋ ಅಭ್ಯಾಸ, ಬಿಸಿನೀರೋ ತಣ್ಣೀರೋ, ಬೀಡಿ ಇತ್ತಾ, ಯಾರ ಹೆಸರು ಹೇಳಿದರೆ ಸಿಟ್ಟು ಬರುತ್ತೆ, ಯಾರ ಹೆಸರು ಹೇಳಿದರೆ ನಗ್ತಾರೆ. ಸ್ನಾನ ಬೇಡ ಅಂದ್ರೆ ಏನ್ ಮಾಡ್ತೀರಿ ಅಂದಿದ್ದಕ್ಕೆ, "ಬಿಟ್ಬಿಡ್ತೀವಿ. ಅರ್ಧ ಗಂಟೆ ಬಿಟ್ಟು ಬೇರೆಯವರು ಹೋಗಿ ಕರೀತಾರೆ. ಅವತ್ತು ಬರ್ದೇ ಇದ್ರೆ ಒದ್ದೆ ಬಟ್ಟೇಲಿ ಒರೆಸ್ತೀವಿ" ಅಂದರು. ಹಿಂದೆ ಒಂದು ಕಡೆ ಇದೇ ಪ್ರಶ್ನೆಗೆ "ಇಬ್ರು ಎತ್ಕೊಂಡ್ ಹೋಗ್ತೀವಿ" ಅನ್ನುವ ಉತ್ತರ ಸಿಕ್ಕಿತ್ತು.

ಮುದ್ದೆಯ ಮಾತು ಬಂತು. ನಮ್ಮ ಮಂಡ್ಯದವರು ಮುದ್ದೆ ಅಗಿಯುವುದಿಲ್ಲ, ನುಂಗುತ್ತಾರೆ. ಅಪ್ಪನಿಗೆ ಉಪ್ಸಾರು ಮುದ್ದೆ ಇಲ್ಲದಿದ್ದರೆ ಅದು ಊಟವೇ ಅಲ್ಲ. "ನುಂಗುವಾಗ ಕೆಮ್ಮು ಬರುತ್ತಾ? ಊಟ ಆದ್ಮೇಲೆ ಗಂಟಲು ಗೊರಗೊರ ಅನ್ನುತ್ತಾ?" ಅಂತ ಸಿಸ್ಟರ್ ಕೇಳಿದರು. ಬರುತ್ತೆ ಅಂದೆ. ಈ ಕಾಯಿಲೆ ಮುಂದುವರಿದ ಹಾಗೆ ನುಂಗುವುದೂ ಮರೆಯುತ್ತದೆ, ತುತ್ತು ಶ್ವಾಸಕೋಶದ ಕಡೆ ಹೋದರೆ ನ್ಯುಮೋನಿಯಾ ಆಗುತ್ತದೆ. "ಮುದ್ದೆ ಬಿಡ್ಸೋದು ಬೇಡ. ಮೆತ್ತಗೆ ಮಾಡಿ, ಗೋಲಿಯಷ್ಟು ಸಣ್ಣ ಸಣ್ಣದಾಗಿ ಕೊಡ್ತೀವಿ. ನೆಟ್ಟಗೆ ಕೂರಿಸ್ತೀವಿ, ಊಟ ಆದ್ಮೇಲೂ ಅರ್ಧ ಗಂಟೆ ಮಲಗ್ಸೋಲ್ಲ. ಆದ್ರೆ ಕೆಮ್ಮು ಜಾಸ್ತಿ ಆದ್ರೆ ಗಂಜಿಗೆ ಬದಲಾಯಿಸ್ತೀವಿ, ಆಗ ನೀವು ಜಗಳ ಆಡ್ಬಾರ್ದು" ಅಂದರು. ಹಾಗೆಯೇ ಮೂಗಿನ ನಳಿಕೆಯಲ್ಲಿ ಊಟ ಕೊಡುವ ಹಂತ ಬಂದರೆ ತಮ್ಮಲ್ಲಿ ಆಗುವುದಿಲ್ಲ, ಬೇರೆ ಕಡೆ ನೋಡಿಕೊಳ್ಳಬೇಕಾಗುತ್ತೆ ಅಂತಲೂ ಮೊದಲೇ ಹೇಳಿದರು. ಎಲ್ಲಾ ನಾವ್ ನೋಡ್ಕೋತೀವಿ, ನೀವು ನಿಶ್ಚಿಂತೆಯಿಂದಿರಿ ಅಂದವರಿಗಿಂತ ಇದು ಆಗೋಲ್ಲ ಅಂದವರ ಮೇಲೆ ನನಗೆ ನಂಬಿಕೆ ಬಂತು.

ಅಲ್ಲಿಗೂ ಸಂಜೆ ಹೋಗಿ ನೋಡಿದೆ. ಅವರೆಕಾಯಿ ಕಾಲ. ಜಗಲಿಯಲ್ಲಿ ಇಬ್ಬರು ಅಜ್ಜಿಯರ ಮುಂದೆ ಮೊರ ಇಟ್ಟಿದ್ದರು. ಒಬ್ಬರು ಸುಲಿಯುತ್ತಿದ್ದರು, ಇನ್ನೊಬ್ಬರು ಸುಲಿದ ಕಾಳನ್ನೂ ಸಿಪ್ಪೆಯನ್ನೂ ಮತ್ತೆ ಬೆರೆಸುತ್ತಿದ್ದರು. ಯಾರೂ ತಡೆಯಲಿಲ್ಲ. ಮೂರನೆಯ ಅಜ್ಜಿ ಗೇಟ್ ಹಿಡಿದು, "ಮಕ್ಳು ಸ್ಕೂಲಿಂದ ಬರ್ತವೆ, ನಾನ್ ಹೋಗ್ಬೇಕು" ಅಂತ ಅಳುತ್ತಿದ್ದರು. ಇದೇ ನಿಮ್ಮ ಮನೆ, ಕೂತ್ಕೊಳ್ಳಿ ಅಂತ ಯಾರೂ ಗದರಲಿಲ್ಲ. ಅಸ್ಸಾಂ ಕಡೆಯ ಒಬ್ಬ ಹುಡುಗಿ ಹತ್ತಿರ ಹೋಗಿ, "ಹೌದಾ ಅಜ್ಜಿ, ಏನ್ ತಿಂಡಿ ಮಾಡೋಣ ಮಕ್ಳಿಗೆ?" ಅಂತ ಕೈ ಹಿಡಿದುಕೊಂಡು ಅಂಗಳದಲ್ಲಿ ಸುತ್ತು ಹಾಕಿಸಿದಳು. ಅವಳ ಕನ್ನಡ ಹರುಕು ಮುರುಕು. ಆದರೆ ಒಬ್ಬೊಬ್ಬರನ್ನು ತೋರಿಸಿ ಇವರು ಏನಾಗಿದ್ದರು ಅಂತ ಕೇಳಿದರೆ ತಟಕ್ಕನೆ ಹೇಳಿದಳು: ಟೀಚರ್, ರೈಲ್ವೆ, ಹಾಲಿನ ಡೈರಿ.

ರಾತ್ರಿ ಹತ್ತರ ಮೇಲೆ ಬರಬಹುದಾ ಅಂದಾಗ, "ಬನ್ನಿ, ಗೇಟಲ್ಲಿ ಹಾರನ್ ಮಾಡ್ಬೇಡಿ" ಅಂದರು. ಹೋದೆ. ಇಬ್ಬರು ಎಚ್ಚರ ಇದ್ದರು. ಹೊರಗಿನ ಗೇಟಿಗೆ ಬೀಗ, ಒಳಗಿನ ಯಾವ ಕೋಣೆಗೂ ಚಿಲಕ ಇಲ್ಲ.

ಕೊರತೆ ಇರಲಿಲ್ಲ ಅಂತಲ್ಲ. ಫಿಸಿಯೋಥೆರಪಿಯವರು ವಾರಕ್ಕೊಮ್ಮೆ ಬಂದು ಹೋಗುವ ಶಾಸ್ತ್ರ ಅಷ್ಟೇ. ಗಂಡಸರಿಗೆ ಸ್ನಾನ ಮಾಡಿಸಲು ಇರುವುದು ಒಬ್ಬನೇ ಹುಡುಗ, ಅವನು ರಜೆ ಹಾಕಿದರೆ ಕಷ್ಟ. ಅದನ್ನೂ ಅವರೇ ಹೇಳಿದರು.

ದುಡ್ಡಿನ ಮಾತು ಬೇಗ ಮುಗಿಸುತ್ತೇನೆ. ನಾನು ಕೇಳಿದ ಕಡೆಗಳಲ್ಲಿ ತಿಂಗಳಿಗೆ 25 ಸಾವಿರದಿಂದ 45 ಸಾವಿರದವರೆಗೆ ಹೇಳಿದರು. ಆದರೆ ಆ ಲೆಕ್ಕದಲ್ಲಿ ಡೈಪರ್ ಇದೆಯಾ, ಇದ್ದರೆ ದಿನಕ್ಕೆ ಎಷ್ಟು, ಆಸ್ಪತ್ರೆಗೆ ಸೇರಿಸಿದರೆ ಜೊತೆಗೆ ಯಾರು ಇರುತ್ತಾರೆ, ಆ ದಿನಗಳಿಗೂ ಫೀಸು ಕಟ್ಟಬೇಕಾ, ಅಡ್ವಾನ್ಸ್ ವಾಪಸ್ ಹೇಗೆ, ಇವನ್ನೆಲ್ಲ ಕಾಗದದ ಮೇಲೆ ಬರೆಸಿಕೊಂಡರೇ ಒಳ್ಳೆಯದು. ಕಡಿಮೆ ಫೀಸು ಹೇಳಿದ ಒಂದು ಕಡೆ ಎಲ್ಲ ಕೂಡಿಸಿದರೆ ದುಬಾರಿ ಜಾಗದಷ್ಟೇ ಆಗುತ್ತಿತ್ತು. ದೂರು ಏನಾದರೂ ಇದ್ದರೆ, ಮಾಹಿತಿ ಬೇಕಿದ್ದರೆ ಹಿರಿಯ ನಾಗರಿಕರ ಸಹಾಯವಾಣಿ 14567 ಇದೆ, ಕರೆ ಉಚಿತ.

ಅಪ್ಪನನ್ನು ಬೋಗಾದಿಯ ಆ ಮನೆಗೇ ಸೇರಿಸಿದೆವು. ಮೊದಲ ವಾರಗಳು ಸುಲಭವಾಗಿರಲಿಲ್ಲ. ಊಟ ಬಿಟ್ಟರು, ಒಬ್ಬರಿಗೆ ಹೊಡೆದರು. ಎರಡೂ ಪುಸ್ತಕದಲ್ಲಿ ಇದೆ. ಆಮೇಲೆ ಆ ಅಸ್ಸಾಂ ಹುಡುಗಿ ಅಪ್ಪನಿಗೆ ಒಂದು ರೂಲ್ ಹಾಕಿದ ನೋಟ್‌ಬುಕ್ಕು, ಪೆನ್ನು ತಂದುಕೊಟ್ಟಳು. ಸಂಜೆ ಅಪ್ಪ "ಗಾಡಿ ಎಷ್ಟ್ ಬಂದ್ವು?" ಅಂದರೆ ಅವಳು "ಇಪ್ಪತ್ತು ಬಂತು ತಾತ, ಬರ್ಕೊಳಿ" ಅನ್ನುತ್ತಾಳೆ. ಅಪ್ಪ ಬರೆಯುತ್ತಾರೆ. ಅಂಕಿ ಅಂಕಿಯ ಹಾಗೆ ಇರುವುದಿಲ್ಲ, ಆದರೆ ಕಾಲಂ ನೆಟ್ಟಗಿರುತ್ತದೆ.

ಸೇರಿಸಿದ ಮೇಲೆ ನೋಡುವುದು ನಿಲ್ಲಿಸಿಲ್ಲ. ಹೋಗುವ ದಿನ, ಹೊತ್ತು ಬದಲಾಯಿಸುತ್ತಿರುತ್ತೇನೆ. ಉಗುರು, ಹಲ್ಲು, ಹಿಮ್ಮಡಿ, ಸೊಂಟದ ಹಿಂಭಾಗ ನೋಡುತ್ತೇನೆ. ತಿಂಗಳಿಗೊಮ್ಮೆ ತೂಕ ಬರೆಯಲು ಹೇಳಿದ್ದೇನೆ. ಮಾತಿನಲ್ಲಿ ಹೇಳಲಾರದವರು ಸರಿಯಾಗಿ ಉಣ್ಣುತ್ತಿದ್ದಾರಾ ಅನ್ನುವುದು ತೂಕದಲ್ಲಿ ಗೊತ್ತಾಗುತ್ತದೆ. ಸೇರಿದಾಗ 54 ಕೆಜಿ ಇದ್ದ ಅಪ್ಪ ಮೊದಲು 52ಕ್ಕೆ ಇಳಿದರು, ಈಗ 53. ಮುಂದಿನ ತಿಂಗಳಿಂದ ಫೀಸು ಎರಡು ಸಾವಿರ ಜಾಸ್ತಿಯಂತೆ. ಗಂಡಸರಿಗೆ ಸ್ನಾನ ಮಾಡಿಸಲು ಇನ್ನೊಬ್ಬ ಹುಡುಗನನ್ನು ತಗೊಳ್ಳುತ್ತಾರಂತೆ. ಹುಡುಗ ಬರಲಿ, ಡ್ಯೂಟಿ ಪಟ್ಟಿಯಲ್ಲಿ ಅವನ ಹೆಸರು ಬೀಳಲಿ, ಆಮೇಲೆ ಕೊಡೋಣ ಅಂತ ತಮ್ಮ ಹೇಳುತ್ತಿದ್ದಾನೆ. ಅವನ ಮಾತೂ ಸರಿಯೇ.